ಬೇಸಿಗೆಯಲ್ಲಿ ಮನೆಯ ಅಕ್ವೇರಿಯಂ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ಮೀನು ಸಾಕುವವರ ಫೋನುಗಳಲ್ಲಿ ಒಂದೇ ಮಾತು: ನೀರು ಬಿಸಿಯಾಗಿದೆ, ಏನು ಮಾಡೋದು? 20ರಿಂದ 100 ಲೀಟರ್‌ವರೆಗಿನ ಸಿಹಿನೀರಿನ ಟ್ಯಾಂಕ್ ಇಟ್ಟವರಿಗಾಗಿ ಇಲ್ಲಿ ಉತ್ತರಗಳಿವೆ. ಸಮುದ್ರದ ಮೀನಿನ ಟ್ಯಾಂಕ್ ಬೇರೆಯೇ ಲೋಕ, ಅದನ್ನು ಇಲ್ಲಿ ಮುಟ್ಟಿಲ್ಲ.

ನೀರು ಎಷ್ಟು ಡಿಗ್ರಿ ದಾಟಿದರೆ ಚಿಂತೆ ಮಾಡಬೇಕು?

ಯಾವ ಮೀನು ಎನ್ನುವುದರ ಮೇಲೆ ಹೋಗುತ್ತದೆ. ಗಪ್ಪಿ, ಮೋಲಿಗಳಿಗೆ 28 ಡಿಗ್ರಿವರೆಗೆ ಏನೂ ತೊಂದರೆ ಇಲ್ಲ. ಏಂಜೆಲ್, ಗೌರಾಮಿ, ಬೆಟ್ಟಾಗಳು 30ರ ಹತ್ತಿರವೂ ತಡೆದುಕೊಳ್ಳುತ್ತವೆ. ಡಿಸ್ಕಸ್‌ಗಂತೂ 28–30 ಇದ್ದರೇ ಇಷ್ಟ. ನಿಯಾನ್ ಟೆಟ್ರಾ, ಕೋರಿಡೋರಾಸ್‌ಗಳಿಗೆ 27 ದಾಟಿದರೆ ಕಿರಿಕಿರಿ ಶುರು. ಗೋಲ್ಡ್‌ಫಿಶ್ ತಣ್ಣೀರಿನ ಮೀನು, 24 ದಾಟಿ ದಿನಗಟ್ಟಲೆ ಹಾಗೇ ಇದ್ದರೆ ಅದಕ್ಕೆ ಹಿಂಸೆ. ನಮ್ಮ ಪಶ್ಚಿಮ ಘಟ್ಟದ್ದೇ ಆದ ಡೆನಿಸನ್ ಬಾರ್ಬ್, ಅಂಗಡಿಯವರು ‘ಮಿಸ್ ಕೇರಳ’ ಅನ್ನುವ ಕೆಂಪು ಪಟ್ಟೆಯ ಮೀನು, ರಭಸವಾಗಿ ಹರಿಯುವ ತಂಪು ಹೊಳೆಯಲ್ಲಿ ಬೆಳೆದದ್ದು. ಬಯಲುಸೀಮೆಯ ಬೇಸಿಗೆ ಅದಕ್ಕೆ ಆಗಿಬರುವುದಿಲ್ಲ.

ಮೀನು ಯಾವುದೇ ಇರಲಿ, ನೀರು 32 ದಾಟಿತು ಅಂದರೆ ಸುಮ್ನೆ ಕೂರುವ ಹಾಗಿಲ್ಲ.

ಕೈ ಅದ್ದಿ ನೋಡಿದರೆ ಗೊತ್ತಾಗುವುದಿಲ್ವಾ?

ಇಲ್ಲ. 34 ಡಿಗ್ರಿ ಕೋಣೆಯಲ್ಲಿ ಕೂತವರ ಕೈಗೆ 31 ಡಿಗ್ರಿ ನೀರು ತಣ್ಣಗೇ ಅನ್ನಿಸುತ್ತದೆ. ಒಂದು ಥರ್ಮಾಮೀಟರ್ ತಗೊಳ್ಳಿ. ಗಾಜಿನ ಹೊರಗೆ ಅಂಟಿಸುವ ಪಟ್ಟಿಯ ಮೇಲೆ ಕೋಣೆಯ ಗಾಳಿಯ ಪ್ರಭಾವವೂ ಬೀಳುತ್ತದೆ. ಅದಕ್ಕಿಂತ ನೀರಿನೊಳಗೆ ಇಳಿಬಿಡುವಂಥದ್ದೇ ವಾಸಿ. ಬೆಳಿಗ್ಗೆ ಎದ್ದ ತಕ್ಷಣ ಒಂದು ಸಲ, ಸಂಜೆ ಒಂದು ಸಲ ನೋಡಿ. ಮಧ್ಯಾಹ್ನ ಎರಡಕ್ಕೆ ನೋಡಿ ‘ಪರವಾಗಿಲ್ಲ’ ಅಂದುಕೊಳ್ಳಬೇಡಿ. ನೀರು ಗಾಳಿಗಿಂತ ನಿಧಾನವಾಗಿ ಕಾಯುತ್ತದೆ. ಹೊರಗೆ ಬಿಸಿಲು ಇಳಿದ ಮೇಲೂ ಟ್ಯಾಂಕಿನ ಬಿಸಿ ಏರುತ್ತಲೇ ಇರುತ್ತದೆ.

ಬಿಸಿ ನೀರಿನಲ್ಲಿ ಮೀನು ಸಾಯುವುದು ಯಾಕೆ?

ಎಷ್ಟೋ ಸಲ ಬಿಸಿಯಿಂದಲ್ಲ, ಉಸಿರು ಸಿಗದೆ. 20 ಡಿಗ್ರಿಯ ಒಂದು ಲೀಟರ್ ಸಿಹಿನೀರು ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಅದು 7.6ಕ್ಕೆ ಇಳಿಯುತ್ತದೆ. ಮೀನಿನ ಮೈ ಕೆಲಸ ಮಾಡುವ ವೇಗ ಮಾತ್ರ ಹತ್ತು ಡಿಗ್ರಿ ಏರಿದರೆ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಅಂದರೆ ಬೇಕಾದದ್ದು ಜಾಸ್ತಿ, ಸಿಗುವುದು ಕಮ್ಮಿ. ಇದರ ಜೊತೆಗೆ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ, ತಳದಲ್ಲಿ ಕೊಳೆಯುವ ಕಸಕ್ಕೂ ಅದೇ ಆಮ್ಲಜನಕ ಬೇಕು. ಗಿಡಗಳಿದ್ದರೆ ಹಗಲು ಕೊಡುತ್ತವೆ, ರಾತ್ರಿ ಅವೂ ಪಾಲಿಗೆ ಬರುತ್ತವೆ. ಹಾಗಾಗಿ ಒತ್ತಾಗಿ ಗಿಡ ನೆಟ್ಟ ಟ್ಯಾಂಕಿನಲ್ಲಿ ಕಷ್ಟದ ಹೊತ್ತು ನಡುಮಧ್ಯಾಹ್ನವಲ್ಲ, ಬೆಳಗಿನ ಜಾವ.

ಇದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಎರಡು ಡಿಗ್ರಿ ಇಳಿಸಲು ಪರದಾಡುವುದಕ್ಕಿಂತ ಮೊದಲು ನೀರಿಗೆ ಗಾಳಿ ಆಡುವ ಹಾಗೆ ಮಾಡಬೇಕು. ಗಾಳಿ ಚೆನ್ನಾಗಿ ಆಡುವ 30 ಡಿಗ್ರಿ ನೀರು, ಅಲುಗಾಡದೆ ನಿಂತ 28 ಡಿಗ್ರಿ ನೀರಿಗಿಂತ ಮೇಲು. ಈ ಪುಟದಲ್ಲಿ ನನ್ನ ಹಟ ಏನಾದರೂ ಇದ್ದರೆ ಇದೊಂದೇ.

ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಈಗಲೇ ಏನು ಮಾಡಲಿ?

ಏರ್ ಪಂಪ್ ಇದ್ದರೆ ಹಾಕಿ. ಫಿಲ್ಟರಿನ ನೀರು ಬೀಳುವ ಬಾಯಿಯನ್ನು ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಕದಡಬೇಕು. ಎರಡೂ ಇಲ್ಲವೇ? ಸೋಪು ತಾಗದ ಒಂದು ಮಗ್ ತಗೊಂಡು ಟ್ಯಾಂಕಿನದೇ ನೀರು ಮೊಗೆದು ಒಂದು ಗೇಣು ಎತ್ತರದಿಂದ ಮತ್ತೆ ಅದಕ್ಕೇ ಸುರಿಯಿರಿ. ಹತ್ತು ನಿಮಿಷ ಬಿಡದೆ ಹೀಗೆ ಮಾಡಿ. ಕೆಲಸಕ್ಕೆ ಬಾರದ್ದು ಅನ್ನಿಸಬಹುದು, ಆದರೆ ಪಂಪ್ ಮಾಡುವುದೂ ಇದನ್ನೇ.

ಮುಚ್ಚಳ ತೆಗೆಯಿರಿ, ಲೈಟ್ ಆರಿಸಿ, ಆಹಾರ ನಿಲ್ಲಿಸಿ. ಆಮೇಲೆ ಐದರಲ್ಲಿ ಒಂದು ಪಾಲು ನೀರು ಬದಲಾಯಿಸಿ. ಹೊಸ ನೀರು ಹಳೆಯದಕ್ಕಿಂತ ಎರಡು ಡಿಗ್ರಿ ತಂಪಿದ್ದರೆ ಸಾಕು.

ಒಂದು ವಿಷಯ ಗಮನಿಸಿ. ಬೆಟ್ಟಾ, ಗೌರಾಮಿಗಳು ಮೇಲೆ ಬಂದು ಗಾಳಿ ನುಂಗುವುದು ಅವುಗಳ ಸಹಜ ಅಭ್ಯಾಸ, ಅವುಗಳಿಗೆ ಗಾಳಿಯಿಂದಲೇ ಉಸಿರಾಡುವ ಅಂಗ ಇದೆ. ಕೋರಿಡೋರಾಸ್ ಕೂಡ ಆಗೊಮ್ಮೆ ಈಗೊಮ್ಮೆ ಬಾಣದ ಹಾಗೆ ಮೇಲೆ ಹೋಗಿ ಬರುತ್ತದೆ. ಮೇಲೆಯೇ ನಿಂತು, ಕೆಳಗೆ ಇಳಿಯದೆ, ಕಿವಿರು ಪಟಪಟ ಬಡಿಯುತ್ತಿದ್ದರೆ ಅದು ಕಷ್ಟದ ಲಕ್ಷಣ.

ಐಸ್ ಹಾಕಬಹುದಾ?

ನೇರವಾಗಿ ಹಾಕಬೇಡಿ. ನಲ್ಲಿ ನೀರಿನ ಐಸ್ ಆದರೆ ಕರಗುವಾಗ ಅದರಲ್ಲಿ ಉಳಿದ ಕ್ಲೋರಿನ್ನೂ ಟ್ಯಾಂಕಿಗೆ ಸೇರಬಹುದು. ಅಷ್ಟೇ ಅಲ್ಲ, ಐಸ್ ಇದ್ದ ಕಡೆ ಕೊರೆಯುವ ಚಳಿ, ಇನ್ನೊಂದು ಮೂಲೆಯಲ್ಲಿ ಸೆಕೆ.

ತೀರಾ ಅಗತ್ಯ ಬಿದ್ದರೆ ಅರ್ಧ ಲೀಟರ್ ನೀರಿನ ಬಾಟಲಿಯನ್ನು, ಮೇಲೆ ಸ್ವಲ್ಪ ಜಾಗ ಬಿಟ್ಟು, ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಹೊರಮೈ ತೊಳೆದು ತೇಲಬಿಡಿ. ಲೆಕ್ಕ ಹೀಗಿದೆ: ಅರ್ಧ ಕಿಲೋ ಐಸ್ ಕರಗಿ 28 ಡಿಗ್ರಿಗೆ ಬರುವಷ್ಟರಲ್ಲಿ 50 ಲೀಟರ್ ನೀರನ್ನು ಸುಮಾರು ಒಂದು ಡಿಗ್ರಿ ಇಳಿಸುತ್ತದೆ. ಅದೇ ಬಾಟಲಿ 10 ಲೀಟರಿನ ಪುಟ್ಟ ಟ್ಯಾಂಕಿಗೆ ಬಿದ್ದರೆ ಐದು ಡಿಗ್ರಿ! ಎಡವಟ್ಟಾಗುವುದು ಅಲ್ಲಿಯೇ. ಒಂದು ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಸದಿರುವುದು ಕ್ಷೇಮ. ಬಾಟಲಿ ಕರಗಿದ ಮೇಲೆ ನೀರು ಮತ್ತೆ ಕಾಯುತ್ತದೆ, ಮತ್ತೆ ಬಾಟಲಿ, ಮತ್ತೆ ಬಿಸಿ. ಈ ಏರಿಳಿತ ಒಂದೇ ಸಮನೆ ಇರುವ 30 ಡಿಗ್ರಿಗಿಂತ ಕೆಟ್ಟದ್ದು. ಇದು ಒಂದು ದಿನದ ತುರ್ತಿಗೆ, ಮೂರು ತಿಂಗಳ ಬೇಸಿಗೆಗೆ ಅಲ್ಲ.

ಹಾಗಾದರೆ ದಿನನಿತ್ಯಕ್ಕೆ ಒಳ್ಳೆಯ ಉಪಾಯ ಯಾವುದು?

ಫ್ಯಾನ್. ಸಣ್ಣ ಟೇಬಲ್ ಫ್ಯಾನ್ ಆಗಲಿ, ಟ್ಯಾಂಕಿನ ಅಂಚಿಗೆ ಸಿಕ್ಕಿಸುವ ಪುಟ್ಟ ಫ್ಯಾನ್ ಆಗಲಿ, ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಆಗಲಿ. ಗಾಳಿ ಗಾಜಿಗೆ ಅಲ್ಲ, ನೀರಿನ ಮೇಲ್ಮೈಗೆ ಓರೆಯಾಗಿ ಬೀಸಬೇಕು. ಸರಿಯಾಗಿ ಇಟ್ಟಿದ್ದೀರೋ ಇಲ್ಲವೋ ತಿಳಿಯಲು ನೀರಿನ ಮೇಲೆ ಲೈಟಿನ ಬಿಂಬ ನೋಡಿ. ಬಿಂಬ ಒಡೆದು ಸಣ್ಣ ಸಣ್ಣ ಗೆರೆಗಳಾಗಿ ಓಡುತ್ತಿದ್ದರೆ ಫ್ಯಾನ್ ಕೆಲಸ ಮಾಡುತ್ತಿದೆ. ಬಿಂಬ ನೆಟ್ಟಗೆ ನಿಂತಿದ್ದರೆ ಗಾಳಿ ಬೇರೆಲ್ಲೋ ಹೋಗುತ್ತಿದೆ.

ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಗುಟ್ಟೇ ಇಲ್ಲೂ ಇರುವುದು. ನೀರು ಆವಿಯಾಗುವಾಗ ಶಾಖ ಹೊತ್ತೊಯ್ಯುತ್ತದೆ. 50 ಲೀಟರ್ ಟ್ಯಾಂಕಿನಿಂದ ಒಂದು ಲೋಟ, ಅಂದರೆ 200 ಮಿಲಿಲೀಟರ್, ಆವಿಯಾಗಿ ಹೋದರೆ ಉಳಿದ ನೀರನ್ನು ಎರಡು ಡಿಗ್ರಿಗೂ ಹೆಚ್ಚು ಇಳಿಸುವಷ್ಟು ಶಾಖ ಹೋಯಿತು ಅಂತ ಲೆಕ್ಕ. ಅಷ್ಟರಲ್ಲಿ ಕೋಣೆಯಿಂದ ಮತ್ತೆ ಶಾಖ ಒಳಗೆ ಬರುತ್ತಿರುತ್ತದೆ, ಆದ್ದರಿಂದ ಕೊನೆಗೆ ಎರಡರಿಂದ ನಾಲ್ಕು ಡಿಗ್ರಿ ಕಮ್ಮಿಯಲ್ಲಿ ನಿಲ್ಲುವುದು ಸಾಮಾನ್ಯ.

ನಮ್ಮದು ಮಂಗಳೂರು. ಫ್ಯಾನ್ ಹಾಕಿದರೂ ಏನೂ ಇಳಿಯುತ್ತಿಲ್ಲವಲ್ಲ?

ಇಳಿಯುವುದು ಕಷ್ಟವೇ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಇನ್ನಷ್ಟು ಆವಿಗೆ ಜಾಗ ಕಮ್ಮಿ. ನಿಮ್ಮ ಬೆವರು ಒಣಗದಿರುವುದಕ್ಕೂ ಇದೇ ಕಾರಣ. ಮಂಗಳೂರು, ಉಡುಪಿ, ಕಾರವಾರದಲ್ಲಿ ಒಂದು, ಒಂದೂವರೆ ಡಿಗ್ರಿ ಇಳಿದರೆ ಪುಣ್ಯ. ಆದರೂ ಫ್ಯಾನ್ ತೆಗೆಯಬೇಡಿ, ಮೇಲ್ಮೈ ಅಲುಗಾಡುವುದರಿಂದ ಆಮ್ಲಜನಕವಾದರೂ ಸಿಗುತ್ತದೆ. ಕರಾವಳಿಯವರು ಮೀನು ಆರಿಸುವಾಗಲೇ ಜಾಣತನ ತೋರಿಸಬೇಕು: ಬಿಸಿ ತಡೆಯುವ ಮೀನು, ಸಂಖ್ಯೆ ಕಮ್ಮಿ, ಏರ್ ಪಂಪ್ ದಿನವಿಡೀ.

ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿಯ ಒಣ ಸೆಕೆಯಲ್ಲಿ ಆಟ ಉಲ್ಟಾ. ಹೊರಗೆ 40 ದಾಟಿದ್ದರೂ ಫ್ಯಾನ್ ಒಂದೇ ನಾಲ್ಕೈದು ಡಿಗ್ರಿ ಇಳಿಸಬಲ್ಲದು. ‘ಬಿಸಿ ಗಾಳಿ ಬೀಸಿದರೆ ನೀರು ಇನ್ನೂ ಕಾಯುವುದಿಲ್ವಾ’ ಅಂತ ಅಲ್ಲಿಯವರು ಕೇಳುತ್ತಾರೆ. ಗಾಳಿ ಒಣಗಿದ್ದರೆ ಕಾಯುವುದಿಲ್ಲ, ತಂಪೇ ಆಗುತ್ತದೆ. ಮನೆಯಲ್ಲಿ ಏರ್ ಕೂಲರ್ ಇದ್ದರೆ ಟ್ಯಾಂಕನ್ನೂ ಆ ಕೋಣೆಯಲ್ಲೇ ಇಡಿ. ಬೆಂಗಳೂರು, ಮೈಸೂರು ಇವೆರಡರ ನಡುವೆ. ಬೆಂಗಳೂರಿಗೆ ಏನು ಬೇಸಿಗೆ ಅನ್ನುವ ಕಾಲ ಹೋಯಿತು, 2016ರ ಏಪ್ರಿಲ್‌ನಲ್ಲಿ ಅಲ್ಲೂ 39.2 ಡಿಗ್ರಿ ಮುಟ್ಟಿತ್ತು.

ಮುಚ್ಚಳ ತೆಗೆದಿಟ್ಟರೆ ತೊಂದರೆ ಇಲ್ವಾ?

ಇದೆ. ಮೀನು ಹಾರುತ್ತದೆ. ಹಲ್ಲಿ ಬೀಳುತ್ತದೆ. ಸೊಳ್ಳೆ ಪರದೆಯ ತುಂಡೊಂದನ್ನು ಬಿಗಿಯಾಗಿ ಕಟ್ಟಿದರೆ ಎರಡಕ್ಕೂ ಉತ್ತರವಾಯಿತು, ಗಾಳಿಯೂ ಆಡುತ್ತದೆ.

ಅದಕ್ಕಿಂತ ದೊಡ್ಡ ಅಪಾಯದ ಬಗ್ಗೆ ಯಾರೂ ಕೇಳುವುದೇ ಇಲ್ಲ. ಬೇಸಿಗೆ ಅಂದರೆ ಸೊಳ್ಳೆ, ಜಿರಳೆ, ಅಂದರೆ ಸ್ಪ್ರೇ ಮತ್ತು ಲಿಕ್ವಿಡ್ ಮೆಷಿನ್. ಅವುಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ವಿಷ. ಮನುಷ್ಯರಿಗೆ ಅಷ್ಟಾಗಿ ತಟ್ಟದ್ದು ಮೀನು, ಸೀಗಡಿಗಳಿಗೆ ಚೂರು ಸಾಕು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಅನ್ನುವುದನ್ನು ಮರೆಯಬೇಡಿ. ಟ್ಯಾಂಕ್ ಇರುವ ಕೋಣೆಯಲ್ಲಿ ಸ್ಪ್ರೇ ಬೇಡವೇ ಬೇಡ. ಕಿಟಕಿಗೆ ಜಾಲರಿ ಹಾಕಿಸಿ.

ನೀರು ದಿನಾ ಕಮ್ಮಿಯಾಗುತ್ತಿದೆ. ಯಾವ ನೀರು ಸೇರಿಸಬೇಕು?

ಆವಿಯಾಗುವುದು ಬರೀ ನೀರು, ಅದರಲ್ಲಿದ್ದ ಉಪ್ಪು, ಸುಣ್ಣದ ಅಂಶ ಅಲ್ಲೇ ಉಳಿಯುತ್ತದೆ. ದಿನಾ ಬೋರ್‌ವೆಲ್ ನೀರನ್ನೇ ಸುರಿಯುತ್ತಾ ಹೋದರೆ ಎರಡು ತಿಂಗಳಲ್ಲಿ ನೀರು ತುಂಬಾ ಗಡುಸಾಗುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಕೂರುತ್ತದೆ. ಕಮ್ಮಿಯಾದಷ್ಟನ್ನು ತುಂಬಲು ಆರ್‌ಒ ನೀರು ಒಳ್ಳೆಯದು. ಆದರೆ ಇಡೀ ಟ್ಯಾಂಕಿಗೆ ಬರೀ ಆರ್‌ಒ ನೀರು ಬೇಡ, ಮೀನಿಗೂ ಖನಿಜ ಬೇಕು. ವಾರಕ್ಕೊಮ್ಮೆ ಕಾಲು ಭಾಗ ಬದಲಾಯಿಸುವಾಗ ನಿಮ್ಮ ಮಾಮೂಲಿ ನೀರನ್ನೇ ಬಳಸಿ.

ಮಧ್ಯಾಹ್ನ ನಲ್ಲಿಯಲ್ಲಿ ಬಿಸಿನೀರೇ ಬರುತ್ತದೆ. ನೀರು ಬದಲಾಯಿಸುವುದು ಹೇಗೆ?

ಓವರ್‌ಹೆಡ್ ಟ್ಯಾಂಕಿನ ನೀರು ಏಪ್ರಿಲ್ ಮಧ್ಯಾಹ್ನ ಸ್ನಾನಕ್ಕೆ ಆಗುವಷ್ಟು ಕಾದಿರುತ್ತದೆ, ಅದನ್ನು ಮೀನಿಗೆ ಸುರಿಯಬಾರದು. ಬೆಳಿಗ್ಗೆ ಆರಕ್ಕೆ ಹಿಡಿದಿಡಿ. ಮನೆಗೆ ಸಂಪ್ ಇದ್ದರೆ ಇನ್ನೂ ಸುಲಭ, ನೆಲದೊಳಗಿನ ನೀರು ಮೇಲಿನದಕ್ಕಿಂತ ಎಷ್ಟೋ ತಂಪು. ಬಕೆಟ್‌ನಲ್ಲಿ ಹಿಡಿದು, ಕಾರ್ಪೊರೇಷನ್ ನೀರಾದರೆ ಕ್ಲೋರಿನ್ ತೆಗೆಯುವ ಡ್ರಾಪ್ಸ್ ಹಾಕಿ, ಥರ್ಮಾಮೀಟರ್ ಅದ್ದಿ ನೋಡಿ, ಆಮೇಲೆ ಬಳಸಿ. ಬೋರ್‌ವೆಲ್ ನೀರಾದರೆ ಒಂದು ರಾತ್ರಿ ಏರ್ ಸ್ಟೋನ್ (ಏರ್ ಪಂಪಿನ ಪೈಪಿನ ತುದಿಗೆ ಸಿಕ್ಕಿಸುವ, ಗುಳ್ಳೆ ಬಿಡುವ ಕಲ್ಲು) ಹಾಕಿಡಿ. ನೆಲದಾಳದಿಂದ ನೇರವಾಗಿ ಬಂದ ನೀರಿನಲ್ಲಿ ಆಮ್ಲಜನಕ ಕಮ್ಮಿ ಇರಬಹುದು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವವರು ಪ್ರತಿ ಸಲವೂ ಬೇರೆ ಮೂಲದ ನೀರು ಅಂತಲೇ ಎಣಿಸಿ, ಸ್ವಲ್ಪ ಸ್ವಲ್ಪವೇ ಬದಲಾಯಿಸಿ.

ಟ್ಯಾಂಕ್ ಎಲ್ಲಿಟ್ಟರೆ ಒಳ್ಳೆಯದು?

ಪಶ್ಚಿಮದ ಕಿಟಕಿ ಬೇಡ. ಬಾಲ್ಕನಿ ಬೇಡ. ಫ್ರಿಜ್ ಪಕ್ಕ ಬೇಡ, ಅದು ಒಳಗಿನ ಶಾಖವನ್ನೆಲ್ಲ ಹೊರಗೆ ಕಾರುತ್ತಿರುತ್ತದೆ. ಟಿವಿ, ಸೆಟ್‌ಟಾಪ್ ಬಾಕ್ಸ್ ಇರುವ ಶೋಕೇಸ್ ಒಳಗಂತೂ ಬೇಡವೇ ಬೇಡ, ಗಾಳಿಯೇ ಆಡದ ಜಾಗ. ಕೊನೇ ಮಹಡಿಯವರಿಗೆ ಇನ್ನೊಂದು ಗೋಳು: ಆರ್‌ಸಿಸಿ ಚಾವಣಿ ಹಗಲೆಲ್ಲ ಕಾದು ರಾತ್ರಿಯವರೆಗೂ ಶಾಖ ಇಳಿಸುತ್ತಿರುತ್ತದೆ. ಟೆರೇಸಿಗೆ ಬಿಳಿ ಕೂಲ್ ಪೇಂಟ್ ಹೊಡೆಸಿದರೆ ಮೀನಿಗೂ ಲಾಭ, ನಿಮಗೂ ಲಾಭ. ಆಗದಿದ್ದರೆ ಟ್ಯಾಂಕನ್ನು ಆದಷ್ಟು ಕೆಳಗೆ, ಗಟ್ಟಿ ಸ್ಟ್ಯಾಂಡಿನ ಮೇಲೆ ಇಡಿ. ಬಿಸಿ ಗಾಳಿ ಚಾವಣಿ ಕಡೆ ಸೇರುತ್ತದೆ.

ನೀರು ತುಂಬಿದ ಟ್ಯಾಂಕನ್ನು ಮಾತ್ರ ಎತ್ತಲು ಹೋಗಬೇಡಿ. 50 ಲೀಟರ್ ಅಂದರೆ 50 ಕಿಲೋ, ಅದರ ಮೇಲೆ ಗಾಜು, ಕಲ್ಲು. ತಳದ ಗಾಜು ಸೀಳುವುದು ಹೀಗೆಯೇ.

ಲೈಟ್, ಹೀಟರ್?

ಹೀಟರ್ ಪ್ಲಗ್ ಕಿತ್ತಿಡಿ. 26ಕ್ಕೆ ಸೆಟ್ ಮಾಡಿದ್ದೇನೆ, ತಾನೇ ಆರುತ್ತದೆ ಅನ್ನುವುದು ನಿಜ. ಆದರೆ ಥರ್ಮೋಸ್ಟ್ಯಾಟ್ ಸಿಕ್ಕಿಹಾಕಿಕೊಂಡು ಉರಿಯುತ್ತಲೇ ಇರುವುದೂ ಉಂಟು. ಲೈಟ್ ಉರಿಯುವ ಅವಧಿಯನ್ನು ದಿನಕ್ಕೆ ಆರು ತಾಸಿಗೆ ಇಳಿಸಿ. ಸಂಜೆ ನೀವು ಕೂತು ನೋಡುವ ಹೊತ್ತಿಗೆ ಹಾಕಿದರೆ ಸಾಕಲ್ವಾ? ಹಳೇ ಟ್ಯೂಬ್‌ಲೈಟ್ ಇದ್ದರೆ ಎಲ್‌ಇಡಿ ಮಾಡಿಸಿ.

ಕರೆಂಟ್ ಹೋದರೆ?

ಬೇಸಿಗೆಯ ದೊಡ್ಡ ಪರೀಕ್ಷೆ ಇದೇ. ಪಂಪ್, ಫಿಲ್ಟರ್, ಫ್ಯಾನ್ ಎಲ್ಲ ಒಟ್ಟಿಗೇ ನಿಲ್ಲುತ್ತವೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಏರ್ ಪಂಪನ್ನು ಆ ಲೈನಿಗೆ ಕೊಡಿ. ಸಣ್ಣ ಪಂಪ್ ತಿನ್ನುವುದು 3–5 ವ್ಯಾಟ್ ಅಷ್ಟೇ, ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಇನ್ವರ್ಟರ್ ಇಲ್ಲದವರಿಗೆ ಯುಎಸ್‌ಬಿ ಏರ್ ಪಂಪ್ ಸಿಗುತ್ತದೆ, ಮೊಬೈಲಿನ ಪವರ್ ಬ್ಯಾಂಕ್ ಚುಚ್ಚಿದರೆ ಗಂಟೆಗಟ್ಟಲೆ ಓಡುತ್ತದೆ. ಇನ್ನೊಂದು ಚಿಕ್ಕ ವಿಷಯ: ಪಂಪ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಸೇರುತ್ತದೆ, ನೆಲಕ್ಕೂ ಸುರಿಯುತ್ತದೆ. ಪೈಪಿನ ನಡುವೆ ನೀರನ್ನು ಹಿಂದಕ್ಕೆ ಬಿಡದ ಒಂದು ಚೆಕ್ ವಾಲ್ವ್ ಹಾಕಿ, ಇಲ್ಲವೇ ಪಂಪನ್ನು ಎತ್ತರದ ಮೊಳೆಗೆ ನೇತುಹಾಕಿ.

ಟ್ಯಾಂಕಿನ ಹೊರಗಿಡುವ, ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಬಿಸಿಯಲ್ಲಿ ಹಲವು ಗಂಟೆ ನಿಂತಿದ್ದರೆ ಹಾಗೇ ಸ್ವಿಚ್ ಹಾಕಬೇಡಿ. ಬಿಚ್ಚಿ ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನ ನೀರಿನಲ್ಲೇ ಹಿಂಡಿ, ಆಮೇಲೆ ಶುರು ಮಾಡಿ.

ಒದ್ದೆ ಬಟ್ಟೆ ಸುತ್ತುವುದು, ಥರ್ಮಾಕೋಲ್ ಅಂಟಿಸುವುದು ಉಪಯೋಗವೇ?

ಒದ್ದೆ ಗೋಣಿಚೀಲವನ್ನು ಹಿಂದಿನ ಮತ್ತು ಪಕ್ಕದ ಗಾಜಿಗೆ ತಾಗಿಸಿ ಫ್ಯಾನ್ ಬಿಟ್ಟರೆ ಬಯಲುಸೀಮೆಯಲ್ಲಿ ಪ್ರಯೋಜನ ಇದೆ. ಕೆಳಗೆ ಟ್ರೇ ಇಡಿ, ವೈರು, ಪ್ಲಗ್‌ಗಳನ್ನು ದೂರ ಇಡಿ. ಥರ್ಮಾಕೋಲ್ ವಿಷಯದಲ್ಲಿ ನನಗೆ ಅನುಮಾನ. ಹಗಲು ಬಿಸಿ ಒಳಗೆ ಬರುವುದನ್ನು ತಡೆಯುತ್ತದೆ ನಿಜ, ರಾತ್ರಿ ತಂಪಾಗುವ ಊರಿನಲ್ಲಿ ಬಿಸಿ ಹೊರಗೆ ಹೋಗುವುದನ್ನೂ ತಡೆಯುತ್ತದೆ. ಬಿಸಿಲು ಬೀಳುವ ಒಂದು ಬದಿಗೆ ಮಾತ್ರ ಹಾಕಿ.

ಆಹಾರ ಕಮ್ಮಿ ಮಾಡಬೇಕಾ?

ಹೌದು. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ಅದೂ ಬೆಳಿಗ್ಗೆ ತಂಪು ಹೊತ್ತಿನಲ್ಲಿ. ಉಳಿದದ್ದು ಬಿಸಿ ನೀರಿನಲ್ಲಿ ಬೇಗ ಕೊಳೆತು ಅಮೋನಿಯಾ ಆಗುತ್ತದೆ. ಬಿಸಿ ಏರಿದಷ್ಟೂ ಅದೇ ಅಮೋನಿಯಾದ ವಿಷದ ಪಾಲೂ ಏರುತ್ತದೆ: ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) 8 ಇರುವ ನೀರಿನಲ್ಲಿ 25 ಡಿಗ್ರಿಗೆ ಸುಮಾರು ಶೇ 5.4, 30 ಡಿಗ್ರಿಗೆ ಶೇ 7.5. ನಮ್ಮ ಬೋರ್‌ವೆಲ್ ನೀರಿನ ಪಿಎಚ್ ಎಷ್ಟೋ ಕಡೆ 8ರ ಆಸುಪಾಸಿನಲ್ಲೇ ಇರುತ್ತದೆ. ಮಕ್ಕಳಿಗೆ ರಜೆ, ಮನೆಗೆ ನೆಂಟರು, ಹೋದವರು ಬಂದವರೆಲ್ಲ ಒಂದೊಂದು ಚಿಟಿಕೆ ಹಾಕುತ್ತಾರೆ. ಆಹಾರದ ಡಬ್ಬಿಯನ್ನು ಕಪಾಟಿನೊಳಗೆ ಇಟ್ಟುಬಿಡಿ.

ಎಸಿ ಹಾಕಿದರೆ ಸಾಕಾ? ಚಿಲ್ಲರ್ ತಗೊಳ್ಳಲಾ?

ಎಸಿ ಇಡೀ ದಿನ ಒಂದೇ ಸಮನೆ ಓಡಿದರೆ ಒಳ್ಳೆಯದು. ರಾತ್ರಿ 22ಕ್ಕೆ ಹಾಕಿ ಹಗಲು ಆರಿಸಿದರೆ ಸಣ್ಣ ಟ್ಯಾಂಕಿನ ನೀರು ದಿನಾ ಏರಿ ಇಳಿಯುತ್ತದೆ. 26ಕ್ಕೆ ಇಟ್ಟುಕೊಳ್ಳಿ. ಚಿಲ್ಲರ್ ಅನ್ನುವುದು ಟ್ಯಾಂಕಿನ ಬಿಸಿಯನ್ನು ತೆಗೆದು ಕೋಣೆಗೆ ಬಿಡುವ ಯಂತ್ರ, ಗಾಳಿ ಆಡದ ಕೋಣೆಯಲ್ಲಿ ಕೋಣೆಯೇ ಕಾಯುತ್ತದೆ. ಕಂಪ್ರೆಸರ್ ಇರುವಂಥದ್ದು ದುಬಾರಿ, ಪೆಲ್ಟಿಯರ್ ಚಿಪ್ (ಕರೆಂಟ್ ಹರಿದಾಗ ಒಂದು ಬದಿ ತಣ್ಣಗಾಗುವ ಬಿಲ್ಲೆ) ಇರುವ ಅಗ್ಗದವು ಹತ್ತಿಪ್ಪತ್ತು ಲೀಟರ್ ದಾಟಿದರೆ ಏದುಸಿರು ಬಿಡುತ್ತವೆ. ಗಪ್ಪಿ ಸಾಕಲು ಚಿಲ್ಲರ್ ಬೇಡ, ಆ ದುಡ್ಡಿಗೆ ದೊಡ್ಡ ಟ್ಯಾಂಕ್ ತಗೊಳ್ಳಿ. ನೀರು ಜಾಸ್ತಿ ಇದ್ದಷ್ಟೂ ಕಾಯುವುದು ನಿಧಾನ.

ಮಗಳಿಗೆ ಬೌಲ್‌ನಲ್ಲಿ ಗೋಲ್ಡ್‌ಫಿಶ್ ಕೊಡಿಸಿದ್ದೇವೆ. ಅದಕ್ಕೇನು ಮಾಡಲಿ?

ಬೌಲ್‌ನಿಂದ ತೆಗೆಯಿರಿ. ಐದು ಲೀಟರ್ ನೀರು, ಬಾಯಿ ಕಿರಿದು, ಫಿಲ್ಟರ್ ಇಲ್ಲ, ಮೀನು ತಣ್ಣೀರಿನದು. ಬೇಸಿಗೆಯಲ್ಲಿ ಇದಕ್ಕಿಂತ ಕೆಟ್ಟ ಜೋಡಿ ಸಿಗಲಾರದು. ಸದ್ಯಕ್ಕೆ ಸೋಪು ಮುಟ್ಟದ ಅಗಲ ಬಾಯಿಯ 40–50 ಲೀಟರಿನ ಪ್ಲಾಸ್ಟಿಕ್ ಟಬ್, ಒಂದು ಸ್ಪಂಜ್ ಫಿಲ್ಟರ್ ಆದರೂ ಸಾಕು. ನೋಡಲು ಚೆಂದ ಇಲ್ಲ, ಮೀನಿಗೆ ಅರಮನೆ.

ಗಿಡ, ಸೀಗಡಿ?

ಚೆರ್ರಿ ಸೀಗಡಿಗಳು 28ರ ಮೇಲೆ ಸೊರಗುತ್ತವೆ, ಫ್ಯಾನ್ ಮೊದಲು ಅವುಗಳ ಟ್ಯಾಂಕಿಗೆ. ಪಾಚಿ ಜಾತಿಯ ಮಾಸ್‌ಗಳು ಕಂದಾಗಬಹುದು. ಉದ್ದ ಪಟ್ಟಿಯಂಥ ಎಲೆಯ ವ್ಯಾಲಿಸ್ನೇರಿಯಾ ಗಿಡ ಬಿಸಿ ತಡೆಯುತ್ತದೆ. ಉದುರಿದ ಎಲೆ ಅವತ್ತೇ ತೆಗೆಯಿರಿ.

ರಜೆಗೆ ಒಂದು ವಾರ ಊರಿಗೆ ಹೋಗುತ್ತೇವೆ. ಮನೆ ಮುಚ್ಚಿರುತ್ತದೆ.

ಆರೋಗ್ಯವಾಗಿರುವ ದೊಡ್ಡ ಮೀನು ಒಂದು ವಾರ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ಅದರ ಚಿಂತೆ ಬಿಡಿ. ಮುಚ್ಚಿದ ಮನೆಯ ಬಿಸಿ ಮತ್ತು ಕರೆಂಟಿನ ಚಿಂತೆ ಮಾಡಿ. ಹೋಗುವ ಎರಡು ದಿನ ಮೊದಲು ಕಾಲು ಭಾಗ ನೀರು ಬದಲಾಯಿಸಿ, ಪರದೆ ಎಳೆಯಿರಿ, ನೀರು ಅಂಚಿನವರೆಗೆ ತುಂಬಿಸಿ. ಫ್ಯಾನ್ ಓಡುತ್ತಿದ್ದರೆ ವಾರದಲ್ಲಿ ಮಟ್ಟ ಚೆನ್ನಾಗಿಯೇ ಇಳಿಯುತ್ತದೆ, ಫಿಲ್ಟರಿನ ಬಾಯಿ ಒಣಗಿದರೆ ಮೋಟಾರ್ ಸುಡುತ್ತದೆ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಮೂರನೇ ದಿನ ಒಂದು ಜಗ್ ಆರ್‌ಒ ನೀರು ಹಾಕಲು ಹೇಳಿ. ಆಹಾರ ಹಾಕಲು ಹೇಳಬೇಡಿ. ಹೇಳಲೇಬೇಕಾದರೆ ಒಂದೊಂದು ಹೊತ್ತಿನದನ್ನು ಚಿಕ್ಕ ಕಾಗದದ ಪೊಟ್ಟಣ ಕಟ್ಟಿ, ಮೇಲೆ ದಿನ ಬರೆದಿಡಿ.

ಏಪ್ರಿಲ್‌ನಲ್ಲಿ ಹೊಸ ಮೀನು ತರಬಹುದಾ?

ಮಳೆ ಶುರುವಾಗುವವರೆಗೆ ಕಾಯಿರಿ ಅನ್ನುತ್ತೇನೆ. ತಡೆಯಲಾಗದಿದ್ದರೆ ಸಂಜೆ ಹೋಗಿ, ಥರ್ಮಾಕೋಲ್ ಡಬ್ಬಿ ತಗೊಂಡು ಹೋಗಿ. ಕವರನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ತರಬೇಡಿ, ಎಂಜಿನ್ ಅದರ ಕೆಳಗೇ ಇರುತ್ತದೆ.